ಆರು ಕ್ಷೇತ್ರ, ನೂರು ವದಂತಿ

2024ರ ಜೂನ್ 4ರಂದು ಗೋರೆಗಾಂವ್‌ನ ನೆಸ್ಕೋ ಎಣಿಕೆ ಕೇಂದ್ರದಲ್ಲಿ ಮುಂಬಯಿ ವಾಯವ್ಯ ಕ್ಷೇತ್ರದ ಮತಯಂತ್ರಗಳ ಲೆಕ್ಕ ಮುಗಿಯಿತು. ಉದ್ಧವ್ ಠಾಕ್ರೆ ಬಣದ ಅಮೋಲ್ ಕೀರ್ತಿಕರ್ ಅವರಿಗೆ 4,51,095 ಮತ, ಏಕನಾಥ ಶಿಂಧೆ ಬಣದ ರವೀಂದ್ರ ವಾಯ್ಕರ್ ಅವರಿಗೆ 4,51,094. ಒಂಬತ್ತು ಲಕ್ಷ ಮತಗಳಲ್ಲಿ ಒಂದೇ ಒಂದರ ಅಂತರ. ಅಂಚೆ ಮತಗಳಲ್ಲಿ ಕೀರ್ತಿಕರ್‌ಗೆ 1,501, ವಾಯ್ಕರ್‌ಗೆ 1,550. ಕೊನೆಗೆ ವಾಯ್ಕರ್ 48 ಮತಗಳಿಂದ ಸಂಸದರಾದರು.

ಇಷ್ಟು ಕೂದಲೆಳೆಯ ಫಲಿತಾಂಶ ಬಂದಲ್ಲಿ ಮಾತು ಹುಟ್ಟದೆ ಇರುತ್ತದೆಯೇ? ಲೋಕಲ್ ಟ್ರೇನಿನಲ್ಲಿ, ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ, ಸಂಘಗಳ ಸಭೆ ಮುಗಿದ ಮೇಲಿನ ಚಹಾದಲ್ಲಿ ಅಂದಿನಿಂದ ಓಡಾಡುತ್ತಿರುವ ಮಾತುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಒಂದೆರಡು ಮಾತ್ರ ಓದುಗರ ವೋಟಿಗೇ ಕುತ್ತು ತರುವಂಥವು.

“ಮೊಬೈಲಿನ ಒಟಿಪಿಯಿಂದ ಮತಯಂತ್ರ ತೆರೆದರು”

ಫಲಿತಾಂಶ ಬಂದು ಎರಡು ವಾರವೂ ಆಗಿರಲಿಲ್ಲ, ಪತ್ರಿಕೆಯೊಂದು ಹೀಗೆ ಬರೆಯಿತು. ದೇಶವೆಲ್ಲ ಹಂಚಿಕೊಂಡಿತು. ಮತಯಂತ್ರಕ್ಕೆ ಒಟಿಪಿಯ ಗೊಡವೆಯೇ ಇಲ್ಲ. ಮತ ಹಾಕುವ ಘಟಕ, ನಿಯಂತ್ರಣ ಘಟಕ, ಚೀಟಿ ತೋರಿಸುವ ವಿವಿಪ್ಯಾಟ್ ಈ ಮೂರೂ ತಂತಿಯಿಂದ ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಹೊರಗಿನ ಯಾವ ಜಾಲಕ್ಕೂ ಅವುಗಳ ಸಂಪರ್ಕ ಇರುವುದಿಲ್ಲ. ಒಟಿಪಿ ಬರುವುದು ಚುನಾವಣಾ ಸಿಬ್ಬಂದಿ ಆಯೋಗದ ಕಂಪ್ಯೂಟರ್ ವ್ಯವಸ್ಥೆಗೆ ಲಾಗಿನ್ ಆಗುವಾಗ. ಚುನಾವಣಾಧಿಕಾರಿ ಇದನ್ನು ವಿವರಿಸಿದರು, ಪತ್ರಿಕೆಯೂ ತಪ್ಪೊಪ್ಪಿಕೊಂಡಿತು. ಆದರೆ ತಪ್ಪೊಪ್ಪಿಗೆಯನ್ನು ಫಾರ್ವರ್ಡ್ ಮಾಡಿದವರು ಕಡಿಮೆ.

ಹಾಗೆಂದು ಆ ದಿನ ಏನೂ ನಡೆಯಲಿಲ್ಲ ಎನ್ನುವುದೂ ಸರಿಯಲ್ಲ. ಎಣಿಕೆ ಕೇಂದ್ರದೊಳಗೆ ಮೊಬೈಲ್ ಬಳಸಿದ ಬಗ್ಗೆ ಪೊಲೀಸರಲ್ಲಿ ಪ್ರಕರಣ ದಾಖಲಾಯಿತು. ಅದು ಶಿಸ್ತಿನ ಗಂಭೀರ ಲೋಪ. ತಪ್ಪು ನಡೆದಿತ್ತು, ಜನ ಹೇಳುವ ತಪ್ಪಲ್ಲ, ಬೇರೆಯದು. ಕೀರ್ತಿಕರ್ ಬಾಂಬೆ ಹೈಕೋರ್ಟಿಗೆ ಹೋದರು. 2024ರ ಡಿಸೆಂಬರ್‌ನಲ್ಲಿ ಅರ್ಜಿ ವಜಾ ಆಯಿತು.

“ಅಂಚೆ ಮತ ಎಣಿಸುವುದು ಅಂತರ ಕಡಿಮೆ ಇದ್ದರೆ ಮಾತ್ರ”

ಓದಿದವರೂ ನಂಬುವ ಮಾತಿದು. ನಿಜಕ್ಕೆ ಬೆಳಿಗ್ಗೆ ಎಂಟಕ್ಕೆ ಎಣಿಕೆ ಶುರುವಾಗುವುದೇ ಅಂಚೆ ಮತಗಳಿಂದ, ಯಂತ್ರಗಳ ಸರದಿ ಅರ್ಧ ಗಂಟೆ ತಡವಾಗಿ ಬರುತ್ತದೆ. ಒಬ್ಬರು ಮೂರೂವರೆ ಲಕ್ಷದಿಂದ ಗೆದ್ದರೂ ಅಂಚೆ ಮತ ಎಣಿಸಲೇಬೇಕು. ಪಿಯೂಷ್ ಗೋಯಲ್ ಅದೇ ದಿನ ಮುಂಬಯಿ ಉತ್ತರದಲ್ಲಿ ಗೆದ್ದ ಅಂತರ 3,57,608. ಅಲ್ಲಿಯೂ ಎಣಿಸಿದರು.

ಅಂತರದ ಮಾತು ಬರುವುದು ಬೇರೆ ಕಡೆ. ತಿರಸ್ಕೃತ ಅಂಚೆ ಮತಗಳ ಸಂಖ್ಯೆ ಗೆಲುವಿನ ಅಂತರಕ್ಕಿಂತ ಹೆಚ್ಚಿದ್ದರೆ ಫಲಿತಾಂಶ ಸಾರುವ ಮೊದಲು ಅವನ್ನೆಲ್ಲ ಮತ್ತೆ ಪರಿಶೀಲಿಸಬೇಕು ಎಂಬುದು ಆಯೋಗದ ಸೂಚನೆ. ವಾಯವ್ಯ ಕ್ಷೇತ್ರದಲ್ಲಿ ತಿರಸ್ಕೃತವಾದವು 111, ಅಂತರ 48. ಸಹಿ ಮರೆತೋ, ಘೋಷಣಾ ಪತ್ರ ಸರಿಯಾಗಿ ಲಗತ್ತಿಸದೆಯೋ ಅಂಚೆ ಮತ ಕೆಡುವುದು ಸಾಮಾನ್ಯ. ಚುನಾವಣಾ ಕೆಲಸದ ಸಿಬ್ಬಂದಿಯೂ ಮನೆಯಿಂದ ಮತ ಹಾಕುವ 85 ದಾಟಿದ ಹಿರಿಯರೂ ಇದನ್ನು ಗಮನಿಸಬೇಕು.

“ನೋಟಾ ಗೆದ್ದರೆ ಮರುಚುನಾವಣೆ”

ಇದು ಮುಂಬಯಿಯಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆ. ಬೇರೂರಲು ಕಾರಣವೂ ಇದೆ. 2018ರ ನವೆಂಬರ್‌ನಲ್ಲಿ ಮಹಾರಾಷ್ಟ್ರದ ರಾಜ್ಯ ಚುನಾವಣಾ ಆಯೋಗ ಒಂದು ಆದೇಶ ಹೊರಡಿಸಿತು: ನೋಟಾಕ್ಕೆ ಎಲ್ಲರಿಗಿಂತ ಹೆಚ್ಚು ಮತ ಬಂದರೆ ಮರುಚುನಾವಣೆ. ಆದರೆ ಅದು ಪಾಲಿಕೆ, ಪಂಚಾಯತಿಯಂಥ ಸ್ಥಳೀಯ ಸಂಸ್ಥೆಗಳಿಗೆ ಮಾತ್ರ. ಲೋಕಸಭೆ, ವಿಧಾನಸಭೆಗಳನ್ನು ನಡೆಸುವುದು ಭಾರತದ ಚುನಾವಣಾ ಆಯೋಗ. ಅಲ್ಲಿ ನೋಟಾ ಎಷ್ಟೇ ಪಡೆಯಲಿ, ಅಭ್ಯರ್ಥಿಗಳಲ್ಲಿ ಮುಂದಿರುವವರೇ ಗೆದ್ದಂತೆ. ಠೇವಣಿ ಉಳಿಸಿಕೊಳ್ಳುವ ಆರನೇ ಒಂದು ಪಾಲಿನ ಲೆಕ್ಕಕ್ಕೂ ನೋಟಾ ಸೇರುವುದಿಲ್ಲ.

ಎರಡು ಆಯೋಗಗಳ ಎರಡು ನಿಯಮ ಜನರ ಬಾಯಲ್ಲಿ ಒಂದಾಗಿಬಿಟ್ಟಿವೆ. 2022ರ ನವೆಂಬರ್‌ನಲ್ಲಿ ಅಂಧೇರಿ ಪೂರ್ವ ವಿಧಾನಸಭಾ ಉಪಚುನಾವಣೆಯಲ್ಲಿ ಬಿಜೆಪಿ ತನ್ನ ಅಭ್ಯರ್ಥಿಯನ್ನು ಹಿಂತೆಗೆದುಕೊಂಡಾಗ ಋತುಜಾ ಲಟ್ಕೆ 66,530 ಮತ ಪಡೆದು ಗೆದ್ದರು, ಎರಡನೇ ಸ್ಥಾನಕ್ಕೆ ಬಂದದ್ದು 12,806 ಮತ ಪಡೆದ ನೋಟಾ. ಅದಾದ ಮೇಲಂತೂ ‘ನೋಟಾ ಇನ್ನೇನು ಗೆದ್ದೇಬಿಡುತ್ತದೆ’ ಎನ್ನುವ ಉತ್ಸಾಹ. ಅದೇ ಅಂಧೇರಿ ಪೂರ್ವ ಮುಂಬಯಿ ವಾಯವ್ಯ ಲೋಕಸಭಾ ಕ್ಷೇತ್ರದ ಆರು ಭಾಗಗಳಲ್ಲಿ ಒಂದು. 2024ರಲ್ಲಿ ಇಡೀ ವಾಯವ್ಯದಲ್ಲಿ ನೋಟಾ ಒತ್ತಿದವರು 15 ಸಾವಿರಕ್ಕೂ ಹೆಚ್ಚು. ಗೆಲುವಿನ ಅಂತರ 48. ನೋಟಾ ಒತ್ತುವುದು ಮತದಾರರ ಹಕ್ಕು, 2013ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟದ್ದು. ಒತ್ತುವವರು ಏನು ಆಗುತ್ತದೆ, ಏನು ಆಗುವುದಿಲ್ಲ ಎಂದು ತಿಳಿದು ಒತ್ತಲಿ.

“ಪಟ್ಟಿಯಲ್ಲಿ ಹೆಸರಿಲ್ಲವೇ? 49ಎ ಅಡಿ ಚಾಲೆಂಜ್ ವೋಟ್ ಕೇಳಿ”

ಪ್ರತಿ ಚುನಾವಣೆಗೂ ತಪ್ಪದೆ ಬರುವ ಸಂದೇಶ. ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಕೇಳಬಹುದು, ಒಂದು ಮತಗಟ್ಟೆಯಲ್ಲಿ ಶೇ. 14ರಷ್ಟು ‘ಟೆಂಡರ್ ವೋಟ್’ ಬಿದ್ದರೆ ಮರುಮತದಾನ ಎಂದೆಲ್ಲ ಅದರಲ್ಲಿ ಇರುತ್ತದೆ. ಒಂದಕ್ಷರವೂ ನಿಜವಲ್ಲ, ಬಳಸಿದ ಪದಗಳು ಮಾತ್ರ ನಿಜ.

ಚಾಲೆಂಜ್ ಮಾಡುವುದು ಮತದಾರನಲ್ಲ, ಮತಗಟ್ಟೆಯಲ್ಲಿ ಕುಳಿತ ಪಕ್ಷದ ಏಜೆಂಟ್. ‘ಇವರು ಆ ವ್ಯಕ್ತಿಯಲ್ಲ’ ಎಂದು ಅನುಮಾನ ಬಂದರೆ ಎರಡು ರೂಪಾಯಿ ಕಟ್ಟಿ ಗುರುತನ್ನು ಪ್ರಶ್ನಿಸಬಹುದು. ಹೌದು, ಇಂದಿಗೂ ಎರಡೇ ರೂಪಾಯಿ. ಟೆಂಡರ್ ವೋಟ್ ಇನ್ನೊಂದು ಸಂದರ್ಭಕ್ಕೆ: ನಿಮ್ಮ ಹೆಸರು ಪಟ್ಟಿಯಲ್ಲಿದೆ, ಹೋಗಿ ನೋಡಿದರೆ ನಿಮ್ಮ ವೋಟನ್ನು ಯಾರೋ ಹಾಕಿ ಹೋಗಿದ್ದಾರೆ. ಆಗ ನಿಮಗೆ ಕಾಗದದ ಮತಪತ್ರ ಸಿಗುತ್ತದೆ. ಅದನ್ನು ಬೇರೆ ಲಕೋಟೆಯಲ್ಲಿಡುತ್ತಾರೆ, ಸಾಮಾನ್ಯ ಎಣಿಕೆಗೆ ಸೇರಿಸುವುದಿಲ್ಲ. ಶೇ. 14ರ ನಿಯಮ ಎಲ್ಲಿಯೂ ಇಲ್ಲ.

ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟೂ ಇಲ್ಲ. ಕೈಯಲ್ಲಿ ವೋಟರ್ ಕಾರ್ಡ್ ಇದ್ದರೂ ಇಲ್ಲ. ಹೆಸರಿದ್ದು ಕಾರ್ಡ್ ಇಲ್ಲದಿದ್ದರೆ ಆಧಾರ್, ಪ್ಯಾನ್, ಪಾಸ್‌ಪೋರ್ಟ್‌ನಂಥ ದಾಖಲೆ ಸಾಕು. ಜನ ಇದನ್ನು ತಿರುವುಮುರುವಾಗಿ ತಿಳಿದಿದ್ದಾರೆ. 2014ರ ಲೋಕಸಭಾ ಚುನಾವಣೆಯಲ್ಲಿ ಮುಂಬಯಿಯ ಪಟ್ಟಿಗಳಿಂದ ಬಹಳಷ್ಟು ಹೆಸರು ಕಾಣೆಯಾಗಿ ದೊಡ್ಡ ಗದ್ದಲವೇ ಆಯಿತು, ಆಯೋಗ ಕ್ಷಮೆ ಕೇಳಬೇಕಾಯಿತು. ಚಾಳ್ ಕೆಡವಿ ಗೋಪುರ ಕಟ್ಟುವಾಗ ಸಂಸಾರಗಳು ವರ್ಷಗಟ್ಟಲೆ ಟ್ರಾನ್ಸಿಟ್ ಕ್ಯಾಂಪಿಗೆ, ಬಾಡಿಗೆ ಮನೆಗೆ ಚದುರುವ ಊರಿದು. ಪಟ್ಟಿ ಪರಿಶೀಲಿಸಲು ಬಂದವರಿಗೆ ಹಳೆಯ ವಿಳಾಸದಲ್ಲಿ ಸಿಗುವುದು ಗುಂಡಿ ತೋಡಿದ ನಿವೇಶನ. ಕೆಲವರ ಹೆಸರು ಹೋಗುತ್ತದೆ. ಬಿಟ್ಟು ಹೋದವರ, ತೀರಿಕೊಂಡವರ ಹೆಸರು ಉಳಿದುಕೊಳ್ಳುವುದೂ ಉಂಟು. ದಕ್ಷಿಣ ಮುಂಬಯಿಯ ಮತದಾನ 2024ರಲ್ಲಿ ಶೇ. 50ರ ಆಸುಪಾಸಿನಲ್ಲಿ ನಿಂತಾಗ ಎಲ್ಲರೂ ಸಿರಿವಂತರ ಸೋಮಾರಿತನವನ್ನು ಬೈದರು. ಸೋಮಾರಿತನ ಇಲ್ಲವೆಂದಲ್ಲ, ಆದರೆ ಪಟ್ಟಿ ಶುದ್ಧವಿಲ್ಲದಿದ್ದರೆ ಶೇಕಡಾವಾರು ಲೆಕ್ಕವೂ ಶುದ್ಧವಾಗಿರುವುದಿಲ್ಲ.

“ಮುಂಬಯಿಯಲ್ಲಿ ಇದ್ದೇವೆ, ಮುಂಬಯಿ ಸಂಸದರನ್ನೇ ಆರಿಸುತ್ತೇವೆ”

ಆಡಳಿತದ ಲೆಕ್ಕದಲ್ಲಿ ಮುಂಬಯಿ ಎರಡು ಜಿಲ್ಲೆ: ನಗರ ಮತ್ತು ಉಪನಗರ. ವಿಧಾನಸಭೆಯ 36 ಸ್ಥಾನಗಳಲ್ಲಿ ನಗರಕ್ಕೆ 10, ಉಪನಗರಕ್ಕೆ 26. ಆರಾರು ಸೇರಿ ಆರು ಲೋಕಸಭಾ ಕ್ಷೇತ್ರ. ಹತ್ತು ಆರರಿಂದ ಭಾಗವಾಗುವುದಿಲ್ಲವಲ್ಲ, ಅದಕ್ಕೇ ಮುಂಬಯಿ ದಕ್ಷಿಣ ಮಧ್ಯ ಕ್ಷೇತ್ರ ಜಿಲ್ಲೆಯ ಗಡಿ ದಾಟುತ್ತದೆ. ಮೈಸೂರು ಅಸೋಸಿಯೇಷನ್ ಇರುವ ಮಾಟುಂಗಾ ನಗರ ಜಿಲ್ಲೆಯಲ್ಲಿದೆ, ಚೆಂಬೂರು ಉಪನಗರ ಜಿಲ್ಲೆಯಲ್ಲಿದೆ, ಎರಡಕ್ಕೂ ಸಂಸದರು ಒಬ್ಬರೇ.

ಆದರೆ ‘ಮುಂಬಯಿ ಕನ್ನಡಿಗರು’ ಎಂದು ಕರೆದುಕೊಳ್ಳುವವರಲ್ಲಿ ಬಹಳ ಮಂದಿ ಈ ಆರರಲ್ಲಿ ಯಾವುದಕ್ಕೂ ಸೇರಿದವರಲ್ಲ. ಡೊಂಬಿವಿಲಿಯವರು ಕಲ್ಯಾಣ್ ಕ್ಷೇತ್ರದವರು. ಮೀರಾ ರೋಡ್, ಭಾಯಂದರ್‌ನವರು ಠಾಣೆ ಕ್ಷೇತ್ರದವರು; ನವಿ ಮುಂಬಯಿಯ ಐರೋಲಿ, ಬೇಲಾಪುರವೂ ಅಲ್ಲಿಗೇ. ಪನ್ವೇಲ್‌ನವರ ಸ್ಥಿತಿ ಇನ್ನೂ ತಮಾಷೆಯದು: ಅವರ ಮಾವಳ್ ಕ್ಷೇತ್ರ ಘಟ್ಟ ಹತ್ತಿ ಪುಣೆಯ ಪಿಂಪ್ರಿ, ಚಿಂಚ್‌ವಾಡದವರೆಗೆ ಹೋಗುತ್ತದೆ.

ವಸಯಿ, ನಾಲಾಸೋಪಾರದವರು ಪಾಲ್ಘರ್ ಕ್ಷೇತ್ರದವರು, ಅದು ಪರಿಶಿಷ್ಟ ಪಂಗಡಕ್ಕೆ ಮೀಸಲು. ‘ಮೀಸಲು ಕ್ಷೇತ್ರ, ನಮಗೆ ವೋಟಿಲ್ಲ’ ಎಂದು ಸುಮ್ಮನೆ ಕುಳಿತವರೂ ಉಂಟು. ಮೀಸಲಾತಿ ಸ್ಪರ್ಧಿಸುವವರಿಗೆ, ಮತ ಹಾಕುವವರಿಗಲ್ಲ. ಇದು ಮೊದಲ ಚುನಾವಣೆಯಿಂದಲೂ ಹೀಗೆಯೇ. 1952ರಲ್ಲಿ ಬಾಂಬೆ ಉತ್ತರ ದ್ವಿಸದಸ್ಯ ಕ್ಷೇತ್ರವಾಗಿತ್ತು: ಒಂದು ಸಾಮಾನ್ಯ ಸ್ಥಾನ, ಒಂದು ಮೀಸಲು, ಪ್ರತಿ ಮತದಾರನಿಗೂ ಎರಡು ಮತ. ಆ ಮೀಸಲು ಸ್ಥಾನದಲ್ಲಿ ಅಂಬೇಡ್ಕರ್ ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್ ಎದುರು ಸೋತರು. ಸೋಲಿಸಿದ್ದು ಪರಿಶಿಷ್ಟರು ಮಾತ್ರವಲ್ಲ, ಕ್ಷೇತ್ರದ ಎಲ್ಲ ಜಾತಿಗಳ ಮತದಾರರು. ದ್ವಿಸದಸ್ಯ ಪದ್ಧತಿ 1961ರಲ್ಲಿ ರದ್ದಾಯಿತು, ಎಲ್ಲರೂ ಮತ ಹಾಕುವ ತತ್ವ ಹಾಗೇ ಉಳಿಯಿತು.

ಜನಸಂಖ್ಯೆ ಬೆಳೆದಂತೆ ಸ್ಥಾನಗಳೂ ಬೆಳೆದಿರಬೇಕು ಎನ್ನುವವರಿಗೆ ಒಂದು ಮಾತು: 1977ರಲ್ಲಿಯೂ ಮುಂಬಯಿಗೆ ಆರೇ, 2024ರಲ್ಲಿಯೂ ಆರೇ. ತುರ್ತುಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ರಾಜ್ಯಗಳ ಸ್ಥಾನಸಂಖ್ಯೆಯನ್ನು ಕಟ್ಟಿಹಾಕಿತು. 2008ರಲ್ಲಿ ಬದಲಾದದ್ದು ಒಳಗಿನ ಗೆರೆಗಳು.

“ಜಾರ್ಜ್ ಗೆದ್ದದ್ದು ನಮ್ಮವರ ವೋಟಿನಿಂದ”

ಮುಂಬಯಿ ಕನ್ನಡಿಗರು ಹೆಮ್ಮೆಯಿಂದ ಹೇಳುವ ಕಥೆ, ಹೆಮ್ಮೆಗೆ ಅಡ್ಡಿಯಿಲ್ಲ. ಮಂಗಳೂರಿನಲ್ಲಿ 1930ರಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್ 1967ರಲ್ಲಿ ಬಾಂಬೆ ದಕ್ಷಿಣದಲ್ಲಿ ಎಸ್.ಕೆ. ಪಾಟೀಲರನ್ನು ಸೋಲಿಸಿದರು. ಪಾಟೀಲರು ನಗರದ ಮೂರು ಬಾರಿಯ ಮೇಯರ್, ಕೇಂದ್ರ ಮಂತ್ರಿ, ಕಾಂಗ್ರೆಸ್ಸಿನ ಥೈಲಿ ಹಿಡಿದವರು.

ಕರಾವಳಿಯವರ ಮತವೊಂದರಿಂದಲೇ ದಕ್ಷಿಣ ಮುಂಬಯಿಯನ್ನು ಗೆಲ್ಲುವುದು ಆಗಲೂ ಆಗದ ಮಾತು. ಜಾರ್ಜ್ ಹಿಂದೆ ಇದ್ದದ್ದು ಪಾಲಿಕೆ ನೌಕರರ, ಟ್ಯಾಕ್ಸಿ ಚಾಲಕರ, ಹೋಟೆಲ್ ಕೆಲಸಗಾರರ ಸಂಘಟನೆ. ಹೋಟೆಲಿನವರಲ್ಲಿ ನಮ್ಮವರು ಬಹಳ, ಟ್ಯಾಕ್ಸಿಯವರಲ್ಲಿ ಉತ್ತರದವರು ಬಹಳ, ಪಾಲಿಕೆಯಲ್ಲಿ ಮರಾಠಿಗರು ಬಹಳ. ‘ನಮ್ಮವರ ವೋಟು’ ಎಂಬ ವಾದ ನಿಜವಾಗಿದ್ದರೆ 1971ರಲ್ಲಿಯೂ ಗೆಲ್ಲಬೇಕಿತ್ತಲ್ಲ? ಅದೇ ಕ್ಷೇತ್ರದಲ್ಲಿ ಸೋತರು. 1977ರಲ್ಲಿ ಜೈಲಿನಲ್ಲಿದ್ದುಕೊಂಡೇ ಗೆದ್ದದ್ದು ಬಿಹಾರದ ಮುಜಫ್ಫರ್‌ಪುರದಲ್ಲಿ. ತವರು ರಾಜ್ಯದ ಬೆಂಗಳೂರು ಉತ್ತರದಲ್ಲಿ 1984ರಲ್ಲಿ ನಿಂತಾಗ ಜಾಫರ್ ಷರೀಫ್ ಎದುರು ಸೋತರು.

ಇದರ ಜೊತೆಗೇ ಇನ್ನೊಂದು ನಂಬಿಕೆ: ದಕ್ಷಿಣದವರಿಗೆ ಮುಂಬಯಿಯಲ್ಲಿ ಗೆಲುವಿಲ್ಲ. 1967ನ್ನೇ ನೋಡಿ. 1957 ಮತ್ತು 1962ರಲ್ಲಿ ಇಲ್ಲಿಂದ ಗೆದ್ದಿದ್ದ ಕೇರಳದ ವಿ.ಕೆ. ಕೃಷ್ಣ ಮೆನನ್‌ಗೆ ಕಾಂಗ್ರೆಸ್ ಟಿಕೆಟ್ ತಪ್ಪಿತು, ಹಿಂದಿನ ವರ್ಷ ಹುಟ್ಟಿದ ಶಿವಸೇನೆ ಅವರ ವಿರುದ್ಧ ಪ್ರಚಾರ ಮಾಡಿತು, ಅವರು ಬಾಂಬೆ ಈಶಾನ್ಯ ಕ್ಷೇತ್ರದಲ್ಲಿ ಎಸ್.ಜಿ. ಬರ್ವೆ ಎದುರು ಸೋತರು. ಅದೇ ಚುನಾವಣೆ, ಅದೇ ನಗರ, ಮಂಗಳೂರಿನವರು ಗೆದ್ದರು. ಭಾಷೆಯ ರಾಜಕೀಯ ಇತ್ತು, ಇದೆ. ಅದೊಂದೇ ಎಲ್ಲವನ್ನೂ ನಿರ್ಧರಿಸಿದ್ದಿಲ್ಲ. ನಮ್ಮ ಕಾಲದಲ್ಲಿ ಗೋಪಾಲ ಶೆಟ್ಟಿ ಮುಂಬಯಿ ಉತ್ತರದಲ್ಲಿ 2014 ಮತ್ತು 2019ರಲ್ಲಿ ನಾಲ್ಕು ಲಕ್ಷಕ್ಕೂ ಮೀರಿದ ಅಂತರದಿಂದ ಗೆದ್ದರು. ಅಷ್ಟು ಶೆಟ್ಟರನ್ನು ಬೋರಿವಲಿಯಿಂದ ಮಲಾಡ್‌ವರೆಗೆ ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ಗುಜರಾತಿ, ಮರಾಠಿ, ಹಿಂದಿ ಮತಗಳೇ ಹೆಚ್ಚು. ಗೆಲ್ಲಿಸಿದ್ದು ಪಕ್ಷ ಮತ್ತು ಅವರ ದೀರ್ಘ ಸ್ಥಳೀಯ ದುಡಿಮೆ.

ಇನ್ನು, ರಸ್ತೆಯ ಗುಂಡಿಗೆ ಸಂಸದರನ್ನು ಬೈಯುವ ಅಭ್ಯಾಸದ ಬಗ್ಗೆ ಉದ್ದ ಬರೆಯಬೇಕಿಲ್ಲ. ಗುಂಡಿ ಬಹುಮಟ್ಟಿಗೆ ಪಾಲಿಕೆಯ ಪಾಲು. ಅಲ್ಲಿ 227 ನಗರಸೇವಕರಿದ್ದಾರೆ. ಸಂಸದರನ್ನು ಕೇಳಬೇಕಾದದ್ದು ಲೋಕಲ್ ರೈಲು, ಕುರ್ಲಾದಿಂದ ಮಂಗಳೂರಿಗೆ ಹೋಗುವ ಮತ್ಸ್ಯಗಂಧದಂಥ ಗಾಡಿಗಳು, ಬಂದರಿನ ಜಮೀನು, ಮುಲುಂಡ್, ಭಾಂಡುಪ್ ಕಡೆಯ ಉಪ್ಪಿನ ಗದ್ದೆಗಳ ಬಗ್ಗೆ. ಅವು ಬಹುಮಟ್ಟಿಗೆ ಕೇಂದ್ರದ ಕೈಯಲ್ಲಿವೆ.

“ಊರಲ್ಲೊಂದು, ಇಲ್ಲೊಂದು ವೋಟು ಇರಲಿ”

ಕೊನೆಯದು, ನಮ್ಮವರಿಗೇ ಮೀಸಲಾದದ್ದು. 2024ರಲ್ಲಿ ದಕ್ಷಿಣ ಕನ್ನಡ, ಉಡುಪಿ-ಚಿಕ್ಕಮಗಳೂರಿಗೆ ಏಪ್ರಿಲ್ 26ರಂದು ಮತದಾನ, ಮುಂಬಯಿಗೆ ಮೇ 20ರಂದು. ನಡುವೆ ಮೂರು ವಾರಕ್ಕೂ ಹೆಚ್ಚು; ಬೆರಳಿನ ಶಾಯಿ ಮಾಸುತ್ತದೆ, ಎರಡು ಕಡೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ ಎಂಬ ಧೈರ್ಯ. 1950ರ ಪ್ರಜಾಪ್ರತಿನಿಧಿತ್ವ ಕಾಯ್ದೆಯ ಪ್ರಕಾರ ಒಬ್ಬರ ಹೆಸರು ಒಂದೇ ಕಡೆ ಇರಬೇಕು. ಸುಳ್ಳು ಘೋಷಣೆಗೆ ಒಂದು ವರ್ಷದವರೆಗೆ ಸೆರೆವಾಸ ಆಗಬಹುದು. ಒಂದೇ ಚುನಾವಣೆಯಲ್ಲಿ ಎರಡು ಕ್ಷೇತ್ರಗಳಲ್ಲಿ ಮತ ಹಾಕಿದರೆ, 1951ರ ಕಾಯ್ದೆಯಂತೆ, ಎರಡು ಮತಗಳೂ ಅಸಿಂಧು. ಊರಿನ ಮನೆ, ತೋಟ, ಭೂತದ ಗುಡಿ ನಮ್ಮದೇ ಇರಬಹುದು. ಆಸ್ತಿ ಇದ್ದ ಮಾತ್ರಕ್ಕೆ ವೋಟಿನ ಹಕ್ಕು ಬರುವುದಿಲ್ಲ, ಬರುವುದು ವಾಸದಿಂದ.

ಎರಡು ಕಡೆ ಹೆಸರಿರುವವರು ಈ ವಾರವೇ ಒಂದನ್ನು ತೆಗೆಸಿ. ಊರಿನ ಪಟ್ಟಿಯಲ್ಲಿ ಮಾತ್ರ ಹೆಸರಿದ್ದು ಮುಂಬಯಿಯಲ್ಲಿ ನೆಲೆಸಿದವರು, ಅಥವಾ ಮಾಟುಂಗಾದಿಂದ ಡೊಂಬಿವಿಲಿಗೆ ಮನೆ ಬದಲಿಸಿದವರು ಫಾರಂ 8 ತುಂಬಿ. ಹೊಸದಾಗಿ ಸೇರುವವರಿಗೆ ಫಾರಂ 6. ಎರಡಕ್ಕೂ ಹಣ ಕೊಡಬೇಕಿಲ್ಲ. ಸಂದೇಹವಿದ್ದರೆ 1950 ಸಂಖ್ಯೆಗೆ ಕರೆ ಮಾಡಿ.