ಮೃತ್ಯುಪತ್ರದ ವಕೀಲರು

ವಕೀಲರೆಂದೊಡನೆ ಕರಿಯ ಕೋಟು, ಕೋರ್ಟಿನ ಕಟಕಟೆ, ವಾದ-ಪ್ರತಿವಾದಗಳ ಚಿತ್ರವೇ ಕಣ್ಣಮುಂದೆ ನಿಲ್ಲುವುದು. ಆದರೆ ವ್ಯಾಜ್ಯವು ಹುಟ್ಟದಂತೆ ನೋಡಿಕೊಳ್ಳುವುದನ್ನೇ ಕಸುಬಾಗಿಸಿಕೊಂಡ ನ್ಯಾಯವಾದಿಗಳೂ ಇದ್ದಾರೆ. ಊರಿನಲ್ಲಿ ಉಯಿಲೆಂದೂ ಮುಂಬಯಿಯಲ್ಲಿ ಮೃತ್ಯುಪತ್ರವೆಂದೂ ಕರೆಯುವ ಕಾಗದವನ್ನು ಬರೆಯಿಸುವವರು, ವೃದ್ಧರ ಆಸ್ತಿಯನ್ನೂ ಜೀವನಾಂಶದ ಹಕ್ಕನ್ನೂ ಕಾಯುವವರು ಇವರು. ದುಡಿಮೆ ಪಟ್ಟಣದಲ್ಲಿ, ಮನೆ-ಗದ್ದೆ ಊರಿನಲ್ಲಿ ಎಂಬಂತೆ ಬಾಳುವ ನಮ್ಮ ಹೋಟೆಲ್ ನೌಕರರಿಗೂ ಗುಮಾಸ್ತರಿಗೂ ಇವರ ಸಲಹೆ ಅಗತ್ಯವಾದುದು.

ಈ ವೃತ್ತಿಗೆ ಪ್ರತ್ಯೇಕ ಪದವಿ ಬೇಕಿಲ್ಲ. ಪದವಿಯ ಬಳಿಕ 3 ವರ್ಷ, ಇಲ್ಲವೇ ಹನ್ನೆರಡನೆಯ ತರಗತಿಯ ಬಳಿಕ 5 ವರ್ಷ ಕಾನೂನು ಓದಿ, 1961ರ ನ್ಯಾಯವಾದಿಗಳ ಕಾಯದೆಯಂತೆ ರಾಜ್ಯದ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಬೇಕು. ನಿಜವಾದ ವಿದ್ಯೆ ದೊರೆಯುವುದು ಹಿರಿಯ ವಕೀಲರ ಕಚೇರಿಯಲ್ಲಿ, ಹಳೆಯ ದಸ್ತಾವೇಜುಗಳ ನಡುವೆ. 1925ರ ಭಾರತೀಯ ಉತ್ತರಾಧಿಕಾರ ಕಾಯದೆ, 1956ರ ಹಿಂದೂ ಉತ್ತರಾಧಿಕಾರ ಕಾಯದೆ ಇವೆರಡೂ ಕರಗತವಾಗಿರಬೇಕು. ತುಳುನಾಡಿನ ಕಕ್ಷಿಗಾರ ಬಂದರೆ ಅಳಿಯಸಂತಾನದ ಕಟ್ಟೂ ತಿಳಿದಿರಬೇಕು. ಅಂಥ ಕುಟುಂಬದಲ್ಲಿ ತನಗಿರುವ ಪಾಲನ್ನು ಉಯಿಲಿನಿಂದ ಕೊಡಲು 1956ರ ಕಾಯದೆಯ 30ನೆಯ ಕಲಮು ಅವಕಾಶವಿತ್ತಿದೆ.

ಬಲ್ಲ ವಕೀಲನು ಮೊದಲು ವಿಚಾರಿಸುವುದು, ಕೊಡಲು ಕಕ್ಷಿಗಾರನ ಸ್ವಂತದ್ದೇನಿದೆ ಎಂಬುದನ್ನು. ಬಹುಕಾಲ ವಾಸವಿದ್ದ ಬಾಡಿಗೆಯ ಖೋಲಿಯನ್ನು ಇಷ್ಟಬಂದವರಿಗೆ ಬರೆದಿಡಬಹುದೆಂದು ಅನೇಕರ ಎಣಿಕೆ. ಬಾಂಬೆ ಬಾಡಿಗೆ ಕಾಯದೆಯ ರಕ್ಷಣೆಯುಳ್ಳ ಬಾಡಿಗೆಯ ಹಕ್ಕನ್ನು ಉಯಿಲಿನಿಂದ ದಾಟಿಸಲಾಗದೆಂದು ಸುಪ್ರೀಂ ಕೋರ್ಟು 1994ರಲ್ಲಿ ತೀರ್ಪಿತ್ತಿತು. ಮಹಾರಾಷ್ಟ್ರದ 1999ರ ಕಾಯದೆಯಂತೆ ವಾಸದ ಖೋಲಿಯ ಹಕ್ಕು, ಬಾಡಿಗೆದಾರನು ತೀರಿಕೊಂಡಾಗ ಅವನೊಡನೆ ವಾಸವಿದ್ದ ಕುಟುಂಬದವರಿಗೆ ಸಲ್ಲುವುದು. ಅಂಥವರಿಲ್ಲದಿದ್ದರೆ ಮಾತ್ರ ವಾರಸುದಾರನ ಸರದಿ. ಹೆಂಡತಿ-ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದವರು ಇದನ್ನು ಗಮನದಲ್ಲಿಡಬೇಕು. ಬ್ಯಾಂಕಿನ ಖಾತೆಗೆ ನಾಮಿನಿಯಾಗಿ ಹೆಸರು ಬರೆಯಿಸಿದ ಮಾತ್ರಕ್ಕೆ ಹಣವೂ ಅವನದಾಗದು. ಅವನು ಹಣವನ್ನು ಪಡೆದುಕೊಳ್ಳಬಲ್ಲನೇ ಹೊರತು ವಾರಸುದಾರರ ಹಕ್ಕು ಅಳಿಯದೆಂದು ಅದೇ ನ್ಯಾಯಾಲಯವು 2010ರಲ್ಲಿ ಸ್ಪಷ್ಟಪಡಿಸಿದೆ.

ಉಯಿಲಿನ ರೂಪವಾದರೋ ಬಹು ಸರಳ. ಸ್ಟ್ಯಾಂಪು ಕಾಗದ ಬೇಡ, ಬಿಳಿಯ ಹಾಳೆ ಸಾಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಬರೆಯಿಸಿದವರ ಸಹಿ ಅಥವಾ ಹೆಬ್ಬೆಟ್ಟು, ಅದನ್ನು ಕಂಡ ಇಬ್ಬರು ಸಾಕ್ಷಿಗಳ ಸಹಿ ಇರಲೇಬೇಕು. ಆಸ್ತಿ ಪಡೆಯುವವರನ್ನು ಸಾಕ್ಷಿಯಾಗಿಸದಿರುವುದು ಲೇಸು. ಬಲಾತ್ಕಾರದಿಂದ ಬರೆಯಿಸಿದ ಉಯಿಲು ನಿಲ್ಲದಾದ್ದರಿಂದ, ಎಚ್ಚರವುಳ್ಳ ವಕೀಲನು ಮಕ್ಕಳನ್ನು ಹೊರಗೆ ಕುಳ್ಳಿರಿಸಿ ಹಿರಿಯರೊಡನೆ ಏಕಾಂತದಲ್ಲಿ ಮಾತನಾಡುವನು. ಬುದ್ಧಿ ಸ್ವಸ್ಥವಾಗಿರುವವರೆಗೆ ಅದನ್ನು ಎಷ್ಟು ಬಾರಿಯಾದರೂ ಬದಲಾಯಿಸಬಹುದು.

ದಾನಪತ್ರದ ರೀತಿ ಬೇರೆ. ಉಯಿಲು ಸತ್ತ ಮೇಲೆ ಜಾರಿಗೆ ಬಂದರೆ, ದಾನ ಕೊಟ್ಟ ಮನೆ ಬದುಕಿರುವಾಗಲೇ ಕೈಬಿಡುವುದು. ಬಳಿಕ ಹೊತ್ತಿನ ಊಟಕ್ಕೂ ಮಕ್ಕಳ ಮುಖ ನೋಡಬೇಕಾದ ತಂದೆತಾಯಿಗಳಿಗಾಗಿ 2007ರಲ್ಲಿ ಪಾಲಕರ ಹಾಗೂ ಹಿರಿಯ ನಾಗರಿಕರ ಪೋಷಣೆಯ ಕಾಯದೆ ಬಂದಿತು. ನೋಡಿಕೊಳ್ಳುವ ಷರತ್ತಿನ ಮೇಲೆ 60 ವರ್ಷ ತುಂಬಿದವರಿಂದ ಆಸ್ತಿ ಪಡೆದವನು ಮಾತಿಗೆ ತಪ್ಪಿದರೆ, ಅದರ 23ನೆಯ ಕಲಮಿನಂತೆ ಆ ದಾನವನ್ನು ರದ್ದುಪಡಿಸಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಹೀಗೆ ಒಬ್ಬ ತಾಯಿಗೆ ಆಸ್ತಿಯನ್ನು ಮರಳಿ ಕೊಡಿಸಿತು. ಷರತ್ತನ್ನು ಬಾಯಿಮಾತಿಗೆ ಬಿಡದೆ ಪತ್ರದಲ್ಲಿ ನಮೂದಿಸುವುದರಲ್ಲಿಯೇ ವಕೀಲನ ಜಾಣ್ಮೆ ಅಡಗಿದೆ.

ವಕೀಲರ ಶುಲ್ಕಕ್ಕೆ ಅಂಜಿ ಹಿಂಜರಿಯಬೇಕಾದುದಿಲ್ಲ. 1987ರ ಕಾಯದೆಯಂತೆ ಸ್ಥಾಪಿತವಾದ ಕಾನೂನು ಸೇವಾ ಪ್ರಾಧಿಕಾರಗಳು ಸ್ತ್ರೀಯರಿಗೂ ಕಡಿಮೆ ವರಮಾನದವರಿಗೂ ಉಚಿತ ನೆರವನ್ನು ಒದಗಿಸುತ್ತವೆ. ಉಯಿಲು ಬರೆದರೆ ಸಾವನ್ನು ಕರೆದಂತೆ ಎಂಬ ಅಂಜಿಕೆ ನಮ್ಮವರಲ್ಲಿ ಇನ್ನೂ ಅಳಿದಿಲ್ಲ. ಬೆವರು ಸುರಿಸಿ ಕೂಡಿಟ್ಟದ್ದು ಒಡಹುಟ್ಟಿದವರನ್ನು ಕೋರ್ಟಿನ ಮೆಟ್ಟಿಲು ಹತ್ತಿಸದಿರಲೆಂದು ಬಯಸುವವರು, ಮೈಯಲ್ಲಿ ಕಸುವಿರುವಾಗಲೇ ಈ ಕೆಲಸವನ್ನು ಮುಗಿಸಿಡುವುದು ವಿಹಿತ.