ಕಡ್ಡಿ ಹಿಡಿಯುವ ಮೊದಲು ಉಂಡೆಯನ್ನು ವಿಚಾರಿಸೋಣ

ದಶಲಕ್ಷಣ ಪರ್ವ ಮುಗಿದು, ಕ್ಷಮಾವಾಣಿಯ ಹೋಗಿಬರುವಿಕೆಯೂ ತೀರಿದ ಮೇಲೆ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ತುಸು ಬಿಡುವು ಸಿಗುತ್ತದೆ. ದೀಪಾವಳಿಯ ಫರಾಳಕ್ಕೆ ಇನ್ನೂ ಕೆಲವು ವಾರ ಇರುತ್ತದೆ. ಸೊಲ್ಲಾಪುರದಲ್ಲಿ ಶರದೃತು ಬಂದರೂ ಹಗಲ ಬಿಸಿಲು ಕಡಿಮೆಯಾಗುವುದಿಲ್ಲ; ಆದರೆ ನಸುಕಿನಲ್ಲಿ ಮಂದಿರಕ್ಕೆ ಹೊರಟಾಗ ತೋಳಿಗೆ ತಂಪು ಗಾಳಿ ಸೋಕತೊಡಗುತ್ತದೆ. ನವಿ ಪೇಠೆಯ ಅಂಗಡಿಗಳಲ್ಲಿ ಬಣ್ಣ ಬಣ್ಣದ ಉಣ್ಣೆಯ ಉಂಡೆಗಳು ಮುಂದಿನ ಸಾಲಿಗೆ ಬರುವುದೂ ಆಗಲೇ. ಮಧ್ಯಾಹ್ನ ಊಟವಾದ ಮೇಲೆ ಕಡ್ಡಿ ಹಿಡಿದು ಕುಳಿತರೆ ಸಂಜೆಯ ಅಡಿಗೆಗೆ ಏಳುವವರೆಗೆ ನಾಲ್ಕು ಬೆರಳಿನಷ್ಟು ಹೆಣಿಗೆ ಸಾಗುತ್ತದೆ.

ನಾನೂ ನಲವತ್ತು ವರ್ಷ ಹೀಗೆಯೇ ಹೆಣೆದವಳು. ಉಂಡೆ ಎಲ್ಲಿಂದ ಬಂತೆಂದು ಒಮ್ಮೆಯೂ ಕೇಳಿರಲಿಲ್ಲ. ಮೆತ್ತಗಿದೆಯೇ, ಬಣ್ಣ ಹೋಗುವುದಿಲ್ಲವೇ, ಎಷ್ಟಕ್ಕೆ ಕೊಡುತ್ತೀರಿ, ಇಷ್ಟೇ ನನ್ನ ವಿಚಾರಣೆ. ಪುಣೆಯಲ್ಲಿ ಓದುವ ಮೊಮ್ಮಗಳು ದೀಪಾವಳಿ ರಜೆಗೆ ಬಂದಾಗ, ಎರಡು ತಿಂಗಳು ಕುಳಿತು ಹೆಣೆದ ತಿಳಿ ನೇರಳೆ ಬಣ್ಣದ ಸ್ವೆಟರನ್ನು ಅವಳ ಕೈಗಿಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದಳು.

“ಆಯೀ, ಭಾಳ ಛಂದ ಆಗೇತಿ. ಆದ್ರ ನಾ ಇದನ್ನ ಹಾಕ್ಕೊಳ್ಳೂದಿಲ್ಲ.”

“ಯಾಕವಾ?”

“ಇದು ಮೆರಿನೊ ಉಣ್ಣಿ. ಆ ಕುರಿಗೋಳನ್ನ ಹ್ಯಾಂಗ ನೋಡ್ಕೋತಾರ ನಿನಗ ಗೊತ್ತೈತೇನು?”

ಗೊತ್ತಿರಲಿಲ್ಲ. ಆ ದಿನ ಬೇಸರವೂ ಆಯಿತು, ಸಿಟ್ಟೂ ಬಂತು. ಕೂದಲು ಕತ್ತರಿಸಿದರೆ ಕುರಿ ಸಾಯುತ್ತದೆಯೇ ಎಂದು ಗೊಣಗಿದೆ. ಆದರೆ ರಾತ್ರಿ ಪ್ರತಿಕ್ರಮಣಕ್ಕೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ನೀರು ಸೋಸಿ ಕುಡಿಯುವ, ಸೂರ್ಯಾಸ್ತದೊಳಗೆ ಉಣ್ಣುವ ಮನೆಯಲ್ಲಿ ಮೈಮೇಲಿನ ಬಟ್ಟೆಯನ್ನು ಯಾರೂ ವಿಚಾರಿಸಬಾರದೇ? ಅಂದಿನಿಂದ ಒಂದು ವರ್ಷ ಕೇಳಿ, ಓದಿ ತಿಳಿದದ್ದನ್ನು ಸಹೋದರಿಯರ ಮುಂದೆ ಇಡುತ್ತಿದ್ದೇನೆ.

ಮೊದಲು ರೇಷ್ಮೆಯ ಮಾತು. ಅದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಗೂಡಿನ ಎಳೆ ತುಂಡಾಗದೆ ಬರಬೇಕೆಂದು ಒಳಗಿನ ಹುಳು ಪತಂಗವಾಗಿ ಹೊರಬರುವ ಮೊದಲೇ ಅದನ್ನು ಶಾಖದಲ್ಲಿ ಕೊಲ್ಲುತ್ತಾರೆ. ಒಂದು ಸೀರೆಗೆ ಸಾವಿರಾರು ಗೂಡುಗಳು ಬೇಕು. ಅನೇಕ ಮನೆಗಳಲ್ಲಿ ರೇಷ್ಮೆಯನ್ನು ಎಂದೋ ಬಿಟ್ಟಿದ್ದಾರೆ. ಮದುವೆಗೆ ಮಾತ್ರ ಇರಲಿ ಎನ್ನುವವರೂ ಉಳಿದಿದ್ದಾರೆ. ಅದು ಅವರವರ ಮನಸ್ಸಿಗೆ ಬಿಟ್ಟದ್ದು.

ಉಣ್ಣೆಯ ವಿಷಯ ಅಷ್ಟು ಸರಳವಲ್ಲ. ನಮ್ಮ ಪರಂಪರೆ ಉಣ್ಣೆಯನ್ನು ಪೂರ್ತಿ ದೂರ ಇಟ್ಟಿಲ್ಲ. ಶ್ವೇತಾಂಬರ ಮುನಿಗಳ ರಜೋಹರಣ ಉಣ್ಣೆಯ ಎಳೆಗಳದ್ದು. ಮಂಜು ಬೀಳುವ ಹೊತ್ತಿನಲ್ಲಿ ಅವರು ಹೊರಗೆ ಹೋಗುವಾಗ ಮೈಮೇಲೆ ಉಣ್ಣೆಯ ಕಂಬಳಿ ಹೊದೆಯುತ್ತಾರೆ. ಅದು ಚಳಿಗಾಗಿ ಅಲ್ಲ, ಅಪ್ಕಾಯ ಜೀವಗಳಿಗೆ ಮೈಯ ಬಿಸಿ ತಾಗದಿರಲಿ ಎಂದು. ನಮ್ಮ ದಿಗಂಬರ ಮುನಿಗಳ ಪಿಂಛಿಯಾದರೂ ನವಿಲು ತಾನಾಗಿ ಉದುರಿಸಿದ ಗರಿಗಳದ್ದು. ಪ್ರಾಣಿಗೆ ನೋವಾಗದೆ ಸಿಕ್ಕದ್ದು ಜೀವರಕ್ಷಣೆಗೇ ಉಪಯೋಗವಾಯಿತು. ಹಾಗಾದರೆ ಕೇಳಬೇಕಾದ ಪ್ರಶ್ನೆ ಉಣ್ಣೆ ಬೇಕೋ ಬೇಡವೋ ಎಂಬುದಲ್ಲ, ಈ ಉಣ್ಣೆ ಹೇಗೆ ಸಿಕ್ಕಿತು ಎಂಬುದು.

ಅಕ್ಕಲಕೋಟೆಯ ಕಡೆ ಹುಟ್ಟಿದ ನಮಗೆ ಉಣ್ಣೆ ಎಂದರೆ ಕರಿ ಕಂಬಳಿ. ಕುರುಬರು, ಧನಗರರು ಸಾಕುವ ದಖ್ಖನಿ ಕುರಿಯ ಕೂದಲನ್ನು ಕತ್ತರಿಯಿಂದ ಕತ್ತರಿಸಿ, ನೂತು, ನೇಯ್ದದ್ದು. ಮಳೆಗೂ ಚಳಿಗೂ ಅದೇ. ಆ ಉಣ್ಣೆ ಒರಟು. ಮೈಗೆ ಚುಚ್ಚುತ್ತದೆ, ಸ್ವೆಟರಿಗೆ ಒದಗುವುದಿಲ್ಲ. ಅಂಗಡಿಯ ಮೆತ್ತನೆಯ ಮೆರಿನೊ ಉಣ್ಣೆ ಬಹುಪಾಲು ಆಸ್ಟ್ರೇಲಿಯದಿಂದ ಬರುವಂಥದ್ದು. ಮೆರಿನೊ ಕುರಿಯ ಚರ್ಮ ಮಡಿಕೆ ಮಡಿಕೆಯಾಗಿರುತ್ತದೆ. ಬಾಲದ ಸುತ್ತಲಿನ ಮಡಿಕೆಗಳಲ್ಲಿ ಕೊಳೆ ನಿಂತು, ನೊಣ ಮೊಟ್ಟೆಯಿಟ್ಟು, ಹುಳುಗಳು ಕುರಿಯನ್ನು ಜೀವಂತ ತಿನ್ನುತ್ತವೆ. ಅದನ್ನು ತಪ್ಪಿಸಲು ಮರಿಯಿದ್ದಾಗಲೇ ಅಲ್ಲಿನ ಚರ್ಮವನ್ನು ಕತ್ತರಿಸಿ ತೆಗೆಯುವ ರೂಢಿ ಆ ದೇಶದ ಅನೇಕ ಮಂದೆಗಳಲ್ಲಿದೆ. ಇದಕ್ಕೆ ಮ್ಯೂಲ್ಸಿಂಗ್ ಎಂದು ಹೆಸರು. ನ್ಯೂಜಿಲೆಂಡ್ 2018ರಲ್ಲಿ ಇದನ್ನು ಕಾನೂನಿನಿಂದ ನಿಷೇಧಿಸಿತು. ಮೊಮ್ಮಗಳು ಹೇಳಿದ್ದು ಇದನ್ನೇ. ಇದರ ಮೇಲೆ, ಕಸಾಯಿಖಾನೆಯ ಚರ್ಮದಿಂದ ಕಿತ್ತ ಉಣ್ಣೆಯೂ ಪೇಟೆಯಲ್ಲಿ ಬೆರೆಯುತ್ತದೆ. ಉಂಡೆಯ ಚೀಟಿಯಲ್ಲಿ ಇದಾವುದೂ ಇರುವುದಿಲ್ಲ. ನಾನು ಕೊಂಡ ಅಂಗಡಿಯವರನ್ನು ಕೇಳಿದೆ. “ಬಾಯಾರ, ಮಾಲು ಲುಧಿಯಾನಾದಿಂದ ಬರ್ತದ. ಕುರಿ ಯಾವ ಊರಿಂದೋ ನಮಗೇನು ಗೊತ್ತು?” ಎಂದರು. ಅವರದೇನೂ ತಪ್ಪಿಲ್ಲ.

ಕಾಶ್ಮೀರಿ ಶಾಲು ಕೊಳ್ಳುವವರಿಗೂ ಒಂದು ಮಾತು. ಪಶ್ಮೀನಾ ಲಡಾಖಿನ ಮೇಕೆಯ ಒಳಗೂದಲು. ಬೇಸಿಗೆಯ ಮುನ್ನ ಅದು ತಾನೇ ಸಡಿಲವಾದಾಗ ಬಾಚಿ ತೆಗೆಯುತ್ತಾರೆ. ಶಾಹ್‌ತೂಷ್ ಮಾತ್ರ ಟಿಬೆಟಿನ ಚಿರು ಎಂಬ ಪ್ರಾಣಿಯನ್ನು ಕೊಂದೇ ಪಡೆಯುವಂಥದ್ದು. ಅದರ ವ್ಯಾಪಾರ ಕಾನೂನಿನ ಪ್ರಕಾರ ಅಪರಾಧ. ಹಳೆಯ ಪೆಟ್ಟಿಗೆಯಿಂದ ಯಾರಾದರೂ ತೆಗೆದು ಮಾರಲು ಬಂದರೂ ಕೈ ಹಾಕಬೇಡಿ.

ಹಾಗಾದರೆ ಅಕ್ರಿಲಿಕ್ ತೆಗೆದುಕೊಂಡರೆ ಪ್ರಶ್ನೆಯೇ ಇಲ್ಲವಲ್ಲ ಎನ್ನುವವರುಂಟು. ಈಗ ನಾವು ಬಾಯಲ್ಲಿ ‘ಉಣ್ಣೆ’ ಎನ್ನುವ ಅಗ್ಗದ ಉಂಡೆಗಳಲ್ಲಿ ಹೆಚ್ಚಿನವು ಅಕ್ರಿಲಿಕ್ಕೇ. ಲುಧಿಯಾನಾದಲ್ಲಿ 1965ರಲ್ಲಿ ಆರಂಭವಾದ ಗಿರಣಿಯ ಉಂಡೆಗಳ ಮೇಲೆ ‘ವರ್ಧಮಾನ್’ ಎಂಬ ಹೆಸರು ಓದುವಾಗ ನಮಗೆಲ್ಲ ಒಂದು ಅಭಿಮಾನ. ಅದನ್ನು ಕಟ್ಟಿದವರು ಓಸ್ವಾಲ ಜೈನರು. ಅಕ್ರಿಲಿಕ್‌ಗೆ ಕುರಿ ಬೇಡ, ನುಸಿ ಹಿಡಿಯುವುದಿಲ್ಲ, ತೊಳೆಯಲು ಸುಲಭ, ಬಣ್ಣಗಳೂ ಸೊಗಸು. ಆದರೆ ಅದು ಖನಿಜ ತೈಲದಿಂದ ಆದದ್ದು. ಬೆವರು ಹೀರುವುದಿಲ್ಲ. ಪ್ರತಿ ಸಲ ಒಗೆದಾಗಲೂ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಉದುರಿ ನೀರು ಸೇರುತ್ತವೆ. ಮೀನು ಮುಂತಾದ ಜಲಚರಗಳ ಹೊಟ್ಟೆಯಲ್ಲಿ ಅಂಥವು ಸಿಕ್ಕಿವೆ. ಎಲ್ಲಕ್ಕಿಂತ ಹೆಚ್ಚಾಗಿ, ಬೆಂಕಿ ತಗುಲಿದರೆ ಅದು ಕರಗಿ ಮೈಗೆ ಅಂಟುತ್ತದೆ. ಅಕ್ರಿಲಿಕ್ ಸ್ವೆಟರ್ ಹಾಕಿಕೊಂಡು ಆರತಿಗೆ, ಒಲೆಯ ಮುಂದಕ್ಕೆ ಹೋಗಬಾರದು, ಮಕ್ಕಳನ್ನಂತೂ ಬಿಡಲೇಬಾರದು.

ಚೀಟಿ ಇಲ್ಲದ ಉಂಡೆ ಯಾವುದೆಂದು ಅಂಗಡಿಯಲ್ಲೇ ತಿಳಿಯಲು ವ್ಯಾಪಾರಸ್ಥರ ಹಳೆಯ ಪರೀಕ್ಷೆ ಇದೆ. ಬೆರಳುದ್ದದ ಎಳೆಯನ್ನು ಇಕ್ಕಳದಲ್ಲಿ ಹಿಡಿದು ದೀಪಕ್ಕೆ ತಾಗಿಸಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ. ದೀಪದಿಂದ ಹಿಂದೆ ತೆಗೆದರೆ ಆರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದದ ವಾಸನೆ, ಹಗುರ ಬೂದಿ. ಅಕ್ರಿಲಿಕ್ ಕಪ್ಪು ಹೊಗೆ ಬಿಟ್ಟು ಕರಗಿ ಗಟ್ಟಿ ಮಣಿಯಾಗುತ್ತದೆ. ಬಿಸಿ ಹನಿ ಕೈಮೇಲೆ ಬೀಳದಂತೆ ಜೋಕೆ.

ಇನ್ನು ಉಳಿದದ್ದು ಹತ್ತಿ. ಎಷ್ಟು ಊರು ಸುತ್ತಿ ಬಂದರೂ ಕೊನೆಗೆ ಮನೆಯ ಬಾಗಿಲಲ್ಲೇ ಇದ್ದದ್ದು! ಸೊಲ್ಲಾಪುರದ ಜುನಿ ಗಿರಣಿ 1877ರದ್ದು. ಗಿರಣಿಗಳ ಭೋಂಗಾ ನಿಂತುಹೋದರೂ ಮಗ್ಗಗಳು ನಿಂತಿಲ್ಲ. ಸೊಲ್ಲಾಪುರದ ಚಾದರಿಗೂ ಟೆರ್ರಿ ಟವೆಲಿಗೂ 2005-06ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಚಾದರಿನ ಊರಲ್ಲಿ ಕುಳಿತು ಹತ್ತಿಯಲ್ಲಿ ಸ್ವೆಟರ್ ಹೆಣೆಯುವ ಯೋಚನೆ ನಮಗೆ ಬಾರದಿದ್ದದ್ದೇ ಆಶ್ಚರ್ಯ. ನಮ್ಮ ಚಳಿಗೆ ಅದು ಧಾರಾಳ ಸಾಕು. ಹತ್ತಿ ಬೆಳೆಗೂ ಔಷಧಿ ಹೊಡೆಯುತ್ತಾರೆ, ಕೀಟಗಳು ಸಾಯುತ್ತವೆ ಎಂದು ಮೊಮ್ಮಗಳ ಗೆಳತಿಯೊಬ್ಬಳು ವಾದಿಸಿದಳು. ನಿಜ. ಗೃಹಸ್ಥರಿಗೆ ಆರಂಭೀ, ಉದ್ಯೋಗೀ ಹಿಂಸೆ ಪೂರ್ತಿ ತಪ್ಪದು; ಸಂಕಲ್ಪೀ ಹಿಂಸೆಯನ್ನು ಬಿಡಬೇಕು, ಉಳಿದದ್ದನ್ನು ಕಡಿಮೆ ಮಾಡುತ್ತ ಹೋಗಬೇಕು ಎಂದು ಶ್ರಾವಕಾಚಾರ ಹೇಳುತ್ತದೆ. ಆ ಲೆಕ್ಕದಲ್ಲಿ ನನಗೆ ಹತ್ತಿಯೇ ಮೇಲು ಎನ್ನಿಸಿತು.

ನೂಲು ಕೊಳ್ಳುವಾಗ ಕೌಂಟಿನ ಲೆಕ್ಕ ತಿಳಿದಿರಲಿ. ಅಂಗಡಿಯ ಗಂಡಸರಿಗೆ ಗೊತ್ತಿರುತ್ತದೆ, ಮನೆಯವರಿಗೆ ಯಾರೂ ಹೇಳಿರುವುದಿಲ್ಲ. 840 ಗಜದ ಲಡಿಗಳು ಒಂದು ಪೌಂಡಿಗೆ ಎಷ್ಟು ತೂಗುತ್ತವೋ ಅಷ್ಟು ಕೌಂಟ್. 20 ಕೌಂಟ್ ಎಂದರೆ ಒಂದು ಪೌಂಡಿಗೆ 16,800 ಗಜ. ಅಂಕಿ ಹೆಚ್ಚಾದಷ್ಟು ನೂಲು ಸಣ್ಣ. 2/20 ಎಂದರೆ ಅಂಥ ಎರಡು ಎಳೆ ಸೇರಿಸಿ ಹುರಿ ಮಾಡಿದ್ದು. ಹೆಣಿಗೆಗೆ ಹುರಿ ಮಾಡಿದ ನೂಲೇ ಬೇಕು. ಒಂಟಿ ಎಳೆಯಲ್ಲಿ ಹೆಣೆದರೆ ಬಟ್ಟೆ ಓರೆಯಾಗಿ ತಿರುಚುತ್ತದೆ. 2/20ರ ಐದು ಎಳೆಗಳನ್ನು ಒಟ್ಟಿಗೆ ಹಿಡಿದರೆ 10ನೇ ನಂಬರಿನ ಕಡ್ಡಿಗೆ ಸರಿಹೊಂದುತ್ತದೆ. ಬಣ್ಣದ ಲಡಿಯಾದರೆ ಒಂದು ತುಂಡನ್ನು ಬಿಳಿ ಅರಿವೆಯೊಂದಿಗೆ ನೀರಲ್ಲಿ ನೆನೆಸಿ, ಬಣ್ಣ ಬಿಡುತ್ತದೆಯೇ ನೋಡಿ. ಹತ್ತಿಗೆ ಉಣ್ಣೆಯ ಹಾಗೆ ಜಗ್ಗಿ ಮರಳುವ ಗುಣವಿಲ್ಲ. ಆದ್ದರಿಂದ ಅಂಚು, ಮಣಿಕಟ್ಟುಗಳನ್ನು ಇನ್ನೂ ಸಣ್ಣ, 12ನೇ ನಂಬರಿನ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯಬೇಕು. ಒಗೆದ ಮೇಲೆ ಹಗ್ಗಕ್ಕೆ ತೂಗುಹಾಕದೆ ಚಾಪೆಯ ಮೇಲೆ ಹರಡಿ ಒಣಗಿಸಬೇಕು.

ಮೊದಲ ಸಲಕ್ಕೆ ಕೂಸಿನ ಕುಂಚಗಿಯಂಥ ಟೊಪ್ಪಿಗೆ ಮಾಡಿ ನೋಡಿ. ಆರು ತಿಂಗಳ ಕೂಸಿಗೆ 50 ಗ್ರಾಂ ನೂಲು ಸಾಕು. 10ನೇ ನಂಬರಿನ ಕಡ್ಡಿಯಲ್ಲಿ 36 ಕುಣಿಕೆ ಹಾಕಿ. ಅಗಲ ಸುಮಾರು 15 ಸೆಂಟಿಮೀಟರ್ ಬರಬೇಕು. ಪ್ರತಿ ಸಾಲನ್ನೂ ಸುಲಟ ಹೆಣಿಗೆಯಲ್ಲೇ ಹೆಣೆಯುತ್ತ 36 ಸೆಂಟಿಮೀಟರ್ ಉದ್ದ ಮಾಡಿ ಮುಗಿಸಿ. ಉದ್ದವನ್ನು ಸರಿಯಾಗಿ ನಡುವೆ ಮಡಚಿ, ಒಂದು ಮಗ್ಗುಲನ್ನು ಹೊಲಿಯಿರಿ. ಅದೇ ತಲೆಯ ಹಿಂಭಾಗ. ಇನ್ನೊಂದು ಮಗ್ಗುಲು ಮುಖದ ಸುತ್ತ ಬರುತ್ತದೆ. ಗದ್ದದ ಕೆಳಗಿನ ಎರಡು ಮೂಲೆಗಳಿಗೆ ಗಿಡ್ಡನೆಯ ಕಸೆ ಕಟ್ಟಿ. ನಿದ್ದೆ ಮಾಡಿಸುವಾಗ ಟೊಪ್ಪಿಗೆ ತೆಗೆದುಬಿಡಬೇಕು.

ಮನೆಯಲ್ಲಿ ಈಗಾಗಲೇ ಇರುವ ಉಣ್ಣೆಯ ಬಟ್ಟೆಗಳನ್ನು ಏನು ಮಾಡುವುದು? ನನ್ನ ಅಭಿಪ್ರಾಯದಲ್ಲಿ ಎಸೆಯುವುದು ತಪ್ಪು. ಆದರೆ ಡಾಂಬರ ಗುಳಿಗೆ ಹಾಕಿ ಇಡುವುದನ್ನು ಇಂದೇ ನಿಲ್ಲಿಸಿ. ಅದು ನುಸಿಯನ್ನು ಕೊಲ್ಲಲಿಕ್ಕೇ ಇರುವಂಥದ್ದು. ಅಲ್ಲದೆ ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಹಸುಗೂಸಿಗೆ ಆ ಗುಳಿಗೆಯ ಜೊತೆ ಇಟ್ಟ ಬಟ್ಟೆ ತೊಡಿಸಿದರೆ ರಕ್ತಕಣಗಳು ಒಡೆದು ಕಾಮಾಲೆಯಾಗುವ ಅಪಾಯವಿದೆ. ನುಸಿಯ ಮರಿಗಳು ಹೆಚ್ಚಾಗಿ ಬೆವರು, ಅನ್ನದ ಕಲೆ ಇರುವ ಉಣ್ಣೆಯನ್ನೇ ಹುಡುಕಿ ಬರುತ್ತವೆ. ಒಗೆದು, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಕೊಡವಿ, ಒಣ ಬೇವಿನ ಎಲೆಯೊಂದಿಗೆ ಬಿಳಿ ಪಂಚೆಯಲ್ಲಿ ಬಿಗಿಯಾಗಿ ಸುತ್ತಿಡಿ. ಎರಡು ತಿಂಗಳಿಗೊಮ್ಮೆ ತೆಗೆದು ಗಾಳಿಗೆ ಹಾಕಿ. ಜೀವೋತ್ಪತ್ತಿಯಾಗದಂತೆ ಮೊದಲೇ ನೋಡಿಕೊಳ್ಳುವ ಈ ಜೋಪಾನ ನಮಗೆ ಹೊಸದೇನಲ್ಲ. ಹಿಟ್ಟಿನ ಡಬ್ಬಿಗೆ ಮಾಡುವುದನ್ನೇ ಬಟ್ಟೆಗೂ ಮಾಡುವುದು.

ಹೆಣಿಗೆಯ ದೊಡ್ಡ ಗುಣ ಎಂದರೆ ಬಿಚ್ಚಬಹುದು. ಮಗು ಬೆಳೆದರೆ ಸ್ವೆಟರ್ ಬಿಚ್ಚಿ, ನೂಲನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನೀರಲ್ಲಿ ಅದ್ದಿ ತೂಗುಹಾಕಿದರೆ ಸೊಟ್ಟ ಹೋಗುತ್ತದೆ. ಅದೇ ನೂಲಲ್ಲಿ ಮುಂದಿನ ವರ್ಷದ್ದು. ಪರಿಗ್ರಹ ಪರಿಮಾಣದಲ್ಲಿ ಬಟ್ಟೆಬರೆಯ ಲೆಕ್ಕವೂ ಇದೆ. ‘ಕುಪ್ಯ’ ಎಂಬ ಮಾತಿನಲ್ಲಿ ಅದು ಅಡಗಿದೆ. ಕಪಾಟು ತೆರೆದು ಎಣಿಸಿದಾಗ ನಮ್ಮ ಆರು ಜನರ ಮನೆಯಲ್ಲಿ ಹತ್ತೊಂಬತ್ತು ಸ್ವೆಟರ್ ಸಿಕ್ಕವು. ಹೇಳಲು ನಾಚಿಕೆ, ಆದರೂ ಹೇಳಿದೆ.

ಆ ನೇರಳೆ ಸ್ವೆಟರನ್ನು ಬಿಚ್ಚಿ ಯಜಮಾನರಿಗೆ ಒಂದು ಮಫ್ಲರ್, ಒಂದು ಟೊಪ್ಪಿಗೆ ಮಾಡಿದೆ. ಬೆಳಿಗ್ಗೆ ಅಂಗಡಿಯ ಕದ ತೆಗೆಯುವಾಗ ಹಾಕಿಕೊಳ್ಳುತ್ತಾರೆ. ಮೊಮ್ಮಗಳಿಗೆ ಹತ್ತಿ ನೂಲಿನಲ್ಲಿ ಅರಿಸಿನ ಬಣ್ಣದ್ದೊಂದು ಹೆಣೆದು ಕಳಿಸಿದೆ. ದಿನಾ ಹಾಕಿಕೊಳ್ಳುತ್ತಾಳಂತೆ. ಮೊನ್ನೆ ಫೋನು ಮಾಡಿದ್ದಳು: ತೋಳು ಜಗ್ಗಿ ಎರಡು ಬೆರಳು ಉದ್ದವಾಗಿದೆಯಂತೆ. ಹಗ್ಗಕ್ಕೆ ತೂಗುಹಾಕಿರಬೇಕು. ದೀಪಾವಳಿಗೆ ಬರುವಾಗ ತಗೊಂಡು ಬಾ, ಮಣಿಕಟ್ಟು ಬಿಚ್ಚಿ ಗಿಡ್ಡ ಮಾಡಿ ಕೊಡುತ್ತೇನೆ ಎಂದಿದ್ದೇನೆ.