ಹಿತ್ತಿಲಿನಿಂದ ಅಟ್ಟಕ್ಕೆ: ಹಾರೋಹಳ್ಳಿ ಸೀಮೆಯ ಬೆಳೆದುಳಿಸುವ ವಿದ್ಯೆ

ಬೆಂಗಳೂರಿನಿಂದ ಕನಕಪುರಕ್ಕೆ ಸಾಗುವ ಹೆದ್ದಾರಿಯ ಬದಿಯಲ್ಲಿ ಹಾರೋಹಳ್ಳಿ ಕೈಗಾರಿಕಾ ಪ್ರದೇಶ ಹರಡಿಕೊಂಡಿರುವ ಸೀಮೆಯು ಮೂಲತಃ ಮಳೆಯನ್ನೇ ನಂಬಿದ ರಾಗಿಯ ಸೀಮೆ. ಇಲ್ಲಿನ ಹೊಲಗಳಲ್ಲಿ ರಾಗಿಯ ಕೆಲವು ಸಾಲುಗಳಿಗೊಮ್ಮೆ ಅವರೆ, ಹುಚ್ಚೆಳ್ಳು, ಹರಳುಗಳನ್ನು ಬಿತ್ತುವ ಪದ್ಧತಿಯಿದ್ದು, ಅದಕ್ಕೆ ಅಕ್ಕಡಿ ಸಾಲು ಎಂದು ಹೆಸರು. ಹೊಲಗಳ ಜಾಗದಲ್ಲಿ ಕಾರ್ಖಾನೆಗಳು ಎದ್ದಿರುವ ಕಡೆ ಬೆಳೆಯುವ ಮತ್ತು ಬೆಳೆದದ್ದನ್ನು ಕೆಡದಂತೆ ಕಾಯುವ ಈ ತಿಳಿವಳಿಕೆಗೆ ಮನೆಯ ಹಿತ್ತಿಲು ಅಥವಾ ಬಾಡಿಗೆ ಮನೆಯ ತಾರಸಿಯೇ ಆಸರೆಯಾಗಬೇಕಿದೆ. ಹಿತ್ತಿಲು ಮತ್ತು ಅಟ್ಟ ಒಂದೇ ವಿದ್ಯೆಯ ಎರಡು ತುದಿಗಳಾದುದರಿಂದ, ಮಳೆಗಾಲದಲ್ಲಿ ಏನನ್ನು ಬಿತ್ತಬೇಕೆಂಬುದನ್ನು ಬೇಸಿಗೆಯಲ್ಲಿ ಏನನ್ನು ಒಣಗಿಸಿಡಬೇಕೆಂಬುದೇ ನಿರ್ಧರಿಸುತ್ತದೆ.

ಕೃಷಿ ಹವಾಮಾನದ ವಿಂಗಡಣೆಯಲ್ಲಿ ಈ ಪ್ರದೇಶವು ಪೂರ್ವ ಒಣ ವಲಯಕ್ಕೆ ಸೇರುತ್ತದೆ. ಇಲ್ಲಿನ ಕೆಂಪು ಮಣ್ಣು ನೀರನ್ನು ಬೇಗನೆ ಬಸಿದುಬಿಡುವುದರಿಂದ ಪಾತಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಗಿಡದ ಬುಡಕ್ಕೆ ರಾಗಿಹುಲ್ಲನ್ನೋ ಒಣಗಿದ ಎಲೆಯನ್ನೋ ಹೊದಿಸಿದರೆ ತೇವ ಹೆಚ್ಚು ದಿನ ನಿಲ್ಲುತ್ತದೆ. ಕುಂಡಗಳಿಗೆ ಕೆಮ್ಮಣ್ಣು, ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮಪಾಲಿನಲ್ಲಿ ಕಲಸುವುದು ಸೂಕ್ತ. ನೀರಿನ ವಿಷಯದಲ್ಲಿ ಇನ್ನೂ ಹೆಚ್ಚಿನ ಎಚ್ಚರ ಬೇಕು. ಬೆಂಗಳೂರಿನ ಕೊಳಚೆಯನ್ನು ಹೊತ್ತು ಬೈರಮಂಗಲ ಕೆರೆಯ ಮೂಲಕ ಹರಿದು ಅರ್ಕಾವತಿಯನ್ನು ಸೇರುವ ವೃಷಭಾವತಿಯಂಥ ಹರಿವಿನ ನೀರು ಸೊಪ್ಪು ತರಕಾರಿಗೆ ಸಲ್ಲದು, ಮಾಡಿನಿಂದ ಹಿಡಿದಿಟ್ಟ ಮಳೆನೀರೇ ಶ್ರೇಷ್ಠ.

ಬೆಳೆಗಳಲ್ಲಿ ಅವರೆಯದೇ ಇಲ್ಲಿ ಮೊದಲ ಸ್ಥಾನ. ನಾಟಿ ಅವರೆಯು ಹಗಲು ಕಿರಿದಾಗುವವರೆಗೆ ಹೂಬಿಡದ ಸಸ್ಯವಾದುದರಿಂದ, ಮುಂಗಾರಿನಲ್ಲಿ ಬಿತ್ತಿ ಚಪ್ಪರಕ್ಕೆ ಹಬ್ಬಿಸಿದ ಬಳ್ಳಿ ಡಿಸೆಂಬರ್, ಜನವರಿಯ ಇಬ್ಬನಿಯಲ್ಲಿ ಸೊಗಡಿನ ಕಾಯಿ ಕೊಡುತ್ತದೆ. ಹಗಲಿನ ಅಳತೆಗೆ ಕಟ್ಟುಬೀಳದೆ ಬೇರೆ ಕಾಲಗಳಲ್ಲಿಯೂ ಕಾಯಿಬಿಡುವ ಹೆಬ್ಬಾಳ ಅವರೆ 3 ಮತ್ತು 4ನೇ ತಳಿಗಳನ್ನು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ರೂಪಿಸಿದೆ. ಹೆಸರಘಟ್ಟದಲ್ಲಿ 1967ರಲ್ಲಿ ಆರಂಭವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ' ತಳಿಗಳೂ ಹಿತ್ತಿಲಿಗೆ ಒದಗುತ್ತವೆ. ಆದರೆ ಅವುಗಳಲ್ಲಿ ಅರ್ಕಾ ರಕ್ಷಕ್ ಟೊಮೆಟೊ ಸಂಕರಣ ತಳಿ, ಅಂದರೆ ಎರಡು ಬೇರೆ ತಳಿಗಳನ್ನು ಕೂಡಿಸಿ ಪಡೆದ ಮೊದಲ ಪೀಳಿಗೆಯಾಗಿರುವುದರಿಂದ ಅದರ ಹಣ್ಣಿನ ಬೀಜ ತಾಯಿಗಿಡದ ಗುಣವನ್ನು ಹಾಗೆಯೇ ಉಳಿಸಿಕೊಳ್ಳುವುದಿಲ್ಲ. ಅರ್ಕಾ ಅನಾಮಿಕಾ ಬೆಂಡೆಯ ಬೀಜವನ್ನಾದರೋ ಮುಂದಿನ ಬಿತ್ತನೆಗೆ ತೆಗೆದಿಡಬಹುದು.

ಕಾಪಿಡುವ ಕ್ರಮಗಳೆಲ್ಲವೂ ತೇವವನ್ನು ತೆಗೆಯುವ ತತ್ತ್ವದ ಮೇಲೆ, ಇಲ್ಲವೇ ಉಪ್ಪು ಮತ್ತು ಹುಳಿಯ ಬಲದಿಂದ ಸೂಕ್ಷ್ಮಜೀವಿಗಳನ್ನು ತಡೆಯುವ ತತ್ತ್ವದ ಮೇಲೆ ನಿಂತಿವೆ. ಅವರೆ, ತೊಗರಿಗಳನ್ನು ಕೊರೆಯುವ ಹುಳ ಗಿಡದಲ್ಲಿರುವ ಕಾಯಿಯ ಮೇಲೆಯೇ ಮೊಟ್ಟೆಯಿಟ್ಟು ಕಾಳಿನೊಂದಿಗೆ ಮನೆ ಸೇರುವುದರಿಂದ, ಹಲ್ಲಿನಿಂದ ಕಡಿದಾಗ ಕಟ್ಟೆಂದು ಮುರಿಯುವಷ್ಟು ಕಾಳನ್ನು ಒಣಗಿಸಿ, ಅದಕ್ಕೆ ಕೆಮ್ಮಣ್ಣಿನ ರಾಡಿಯನ್ನು ಬಳಿದು ಮತ್ತೆ ಬಿಸಿಲಿಗೆ ಹರಡುವ ರೂಢಿ ಬೆಳೆದುಬಂದಿದೆ. ಮಣ್ಣಿನ ನುಣುಪು ಕಣಗಳು ಹುಳದ ಮೈಮೇಲಿನ ಮೇಣದ ಪೊರೆಯನ್ನು ಕೆಡಿಸಿ ಅದರ ತೇವವನ್ನು ಹೀರುತ್ತವೆ. ಬಿತ್ತನೆ ಬೀಜಕ್ಕೆ ಬೆರೆಸುವ ಒಲೆಯ ಬೂದಿಯ ಕೆಲಸವೂ ಇದೇ. ಬೂದುಗುಂಬಳವನ್ನು ತೊಟ್ಟುಸಹಿತ ಕೊಯ್ದು, ಮೇಲಿನ ಬೂದಿಯನ್ನು ಒರೆಸದೆ ಗಾಳಿಯಾಡುವ ಅಟ್ಟದಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಾಳಕಕ್ಕೆ ಹಸಿಮೆಣಸಿನಕಾಯಿಯನ್ನು ಸೀಳಿ, ಉಪ್ಪು ಬೆರೆಸಿದ ಹುಳಿಮಜ್ಜಿಗೆಯಲ್ಲಿ ರಾತ್ರಿ ನೆನೆಸಿ ಹಗಲು ಬಿಸಿಲಿಗಿಡುವ ಕೆಲಸವನ್ನು ಮಜ್ಜಿಗೆಯೆಲ್ಲ ಇಂಗುವವರೆಗೆ ದಿನವೂ ನಡೆಸಬೇಕು.

ಮಾವಿಗೆ ಹೆಸರಾದ ಈ ಸೀಮೆಯಲ್ಲಿ ಉಪ್ಪಿನಕಾಯಿಗೆ ಕಾಯಿಯ ಕೊರತೆಯಿಲ್ಲ. ತೇವವಾರಿಸಿದ ಹೋಳಿನ ತೂಕದ ಆರನೇ ಒಂದು ಪಾಲಿನಷ್ಟು ಉಪ್ಪು ಬೆರೆಸಿದರೆ ಅದು ಹೋಳಿನ ನೀರನ್ನು ಹೊರಗೆಳೆದು, ಕೊಳೆಸುವ ಜೀವಿಗಳಿಗೆ ಎಡೆಗೊಡುವುದಿಲ್ಲ. ಮಾವಿಗೆ ಸಹಜವಾದ ಹುಳಿಯಿರುವಂತೆ ಬೀನ್ಸು, ಬೆಂಡೆಗಳಿಗೆ ಇಲ್ಲದಿರುವುದರಿಂದ, ಅವನ್ನು ಬರಿದೆ ಬೇಯಿಸಿ ಗಾಳಿಯಾಡದ ಸೀಸೆಯಲ್ಲಿ ಮುಚ್ಚಿಡುವುದು ಪ್ರಾಣಾಪಾಯಕಾರಿ ವಿಷಕ್ಕೆ ದಾರಿಯಾಗಬಹುದು. ಅಂಥ ತರಕಾರಿಗೆ ಒಣಗಿಸುವ ಮಾರ್ಗವೇ ಕ್ಷೇಮ.

ಮಾಗಡಿ ತಾಲ್ಲೂಕಿನ ಚಂದೂರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವು ಈ ಭಾಗದ ಬೆಳೆಗಾರರಿಗೆ ತರಬೇತಿ ಕೊಡುವ ಸಂಸ್ಥೆಯಾಗಿದ್ದು, ಸಂದೇಹವಿದ್ದವರು ಅಲ್ಲಿ ವಿಚಾರಿಸಬಹುದು. ಆದರೂ ಈ ವಿದ್ಯೆಯ ಮೊದಲ ಪಾಠ ಚಪ್ಪರದ ಕೆಳಗೇ ಇದೆ: ಬಳ್ಳಿಯ ಅತ್ಯುತ್ತಮ ಕಾಯಿಗಳನ್ನು ಸಾರಿಗೆ ಕೊಯ್ಯದೆ ಬಲಿತು ಒಣಗಲು ಬಿಟ್ಟು, ಅವುಗಳ ಕಾಳನ್ನು ಬೂದಿಯಲ್ಲಿ ಹೊರಳಿಸಿ ಎತ್ತಿಟ್ಟ ಮನೆಯಲ್ಲಿ, ಹೊಲ ಕೈಬಿಟ್ಟ ಮೇಲೂ ಅಕ್ಕಡಿ ಸಾಲಿನ ಅವರೆ ಮುಂದಿನ ಮುಂಗಾರಿಗೆ ಮೊಳೆಯುತ್ತದೆ.